ಔರಂಗಜೇಬನ ಕಿರಿಮಗ

ನಮ್ಮ ಮನೆಯಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವನು. ಅದಕ್ಕೇ ಏನೋ, ಮೊಗಲರ ಪಾಠ ಓದುವಾಗ ನನ್ನ ಮನಸ್ಸು ಅಕ್ಬರ, ಷಹಜಹಾನರನ್ನು ಬಿಟ್ಟು ಕಾಂಬಕ್ಷನ ಕಡೆ ಹೋಯಿತು. ಅವನು ಔರಂಗಜೇಬನ ಐದು ಗಂಡುಮಕ್ಕಳಲ್ಲಿ ಕೊನೆಯವನು. ನಮ್ಮ ಕರ್ನಾಟಕದಲ್ಲಿ ಬಾದಷಹ ಅನ್ನಿಸಿಕೊಂಡವನು.

ಹುಟ್ಟಿದ್ದು 1667ರಲ್ಲಿ. ತಾಯಿ ಉದೈಪುರಿ ಮಹಲ್. ತಂದೆಗೆ ಐವತ್ತು ಹತ್ತಿರವಾದಾಗ ಹುಟ್ಟಿದ ಮಗ, ಮುದ್ದು ಜಾಸ್ತಿ. ಅಣ್ಣಂದಿರಿಗೆ ಆ ಪುಣ್ಯ ಇರಲಿಲ್ಲ. ಮೊದಲನೆಯ ಸುಲ್ತಾನ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತ. ಎರಡನೆಯ ಮುಅಜ್ಜಮನೂ ಸೆರೆ ಕಂಡ. ನಾಲ್ಕನೆಯ ಅಕ್ಬರ ದಂಗೆ ಎದ್ದು ಪರ್ಷಿಯಾಕ್ಕೆ ಓಡಿಹೋಗಿ ಅಲ್ಲೇ ಸತ್ತ.

ಔರಂಗಜೇಬ 1686ರಲ್ಲಿ ಬಿಜಾಪುರ ಗೆದ್ದ. ಮಾರನೇ ವರ್ಷ ಅವನ ಸೇನಾಪತಿ ಕಾಸಿಂ ಖಾನ್ ನಮ್ಮ ಬೆಂಗಳೂರನ್ನೂ ಹಿಡಿದು, ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಕೊಟ್ಟುಬಿಟ್ಟ. ಹೊಸಕೋಟೆ, ಕೋಲಾರ ಮೊಗಲರ ಸಿರಾ ಸುಬೆಗೆ ಸೇರಿದವು. ಅಂದ್ರೆ ಈಗ ನಾವು ಕೃಷ್ಣರಾಜಪುರದಿಂದ ಬಸ್ಸು ಹತ್ತಿ ಇಳಿಯುವ ಹೊಸಕೋಟೆ ಆಗ ಮೊಗಲರದು!

ಕಾಂಬಕ್ಷನನ್ನು ಜಿಂಜಿ ಕೋಟೆಯ ಮುತ್ತಿಗೆಗೆ ಕಳಿಸಿದರು. ಅಲ್ಲಿ ಅವನು ಮರಾಠರ ಜೊತೆ ಗುಟ್ಟಾಗಿ ಮಾತಾಡಿದ ಅಂತ ಮೊಗಲ್ ಸರದಾರರೇ ಅವನನ್ನು ಹಿಡಿದು ಹಾಕಿದರು. ತಂದೆ ಕ್ಷಮಿಸಿದ.

1707ರಲ್ಲಿ ಔರಂಗಜೇಬ ಅಹಮದನಗರದಲ್ಲಿ ತೀರಿಕೊಂಡ. ಅದಕ್ಕೆ ಕೆಲವೇ ದಿನ ಮುಂಚೆ ಕಿರಿಮಗನನ್ನು ಬಿಜಾಪುರಕ್ಕೆ ಕಳಿಸಿದ್ದ. ತಾನಿಲ್ಲದಾಗ ಅಣ್ಣಂದಿರು ಇವನನ್ನು ಬಿಡೋದಿಲ್ಲ ಅಂತ ಮುದುಕನಿಗೆ ಗೊತ್ತಿತ್ತು. ತಾನೇ ಅಣ್ಣತಮ್ಮಂದಿರನ್ನು ಮುಗಿಸಿ ಪಟ್ಟಕ್ಕೆ ಬಂದವನಲ್ಲವೇ? ಅದೇ ವರ್ಷ ಆಗ್ರಾ ಹತ್ತಿರದ ಜಾಜೌ ಯುದ್ಧದಲ್ಲಿ ಮೂರನೆಯ ಮಗ ಆಜಮ ಸತ್ತ. ಮುಅಜ್ಜಮ ಬಹಾದೂರ್ ಷಹನಾದ. ಉಳಿದವರು ಇಬ್ಬರೇ.

ಇತ್ತ ಕಾಂಬಕ್ಷ ಬಿಜಾಪುರದಲ್ಲಿ ಪಟ್ಟ ಕಟ್ಟಿಕೊಂಡು ನಾಣ್ಯ ಹಾಕಿಸಿದ. ಗುಲ್ಬರ್ಗ, ಹೈದರಾಬಾದೂ ಕೈಗೆ ಬಂದವು. ಇಲ್ಲಿಯವರೆಗೆ ನಾನು ಇವನ ಪಕ್ಷವೇ. ಆಮೇಲೆ ಮಾಡಿದ್ದನ್ನು ಮಾತ್ರ ಒಪ್ಪಲಾರೆ. ಚಾಡಿಮಾತು ಕೇಳಿ, ತನಗಾಗಿ ಕೋಟೆ ಗೆದ್ದುಕೊಟ್ಟ ಅಹಸನ್ ಖಾನನನ್ನೇ ಹಿಂಸೆ ಮಾಡಿ ಕೊಲ್ಲಿಸಿದ. ಸಂಬಳವೂ ಇಲ್ಲ, ನಂಬಿಕೆಯೂ ಇಲ್ಲ, ಸೈನಿಕರು ಒಬ್ಬೊಬ್ಬರಾಗಿ ಬಿಟ್ಟು ಹೋದರು.

ಅಣ್ಣ ಕಾಗದ ಬರೆದ. ನಾಣ್ಯ ನನ್ನ ಹೆಸರಲ್ಲಿರಲಿ, ಬಿಜಾಪುರ, ಹೈದರಾಬಾದು ನೀನೇ ಇಟ್ಟುಕೋ ಅಂತ ಅದರ ಸಾರ. ತಮ್ಮ ಒಪ್ಪಲಿಲ್ಲ. ನಾನಾಗಿದ್ದರೆ ಒಪ್ಪುತ್ತಿದ್ದೆ ಅಂತ ಬರೆಯಲು ಹೋದೆ, ಆದರೆ ಮೊನ್ನೆ ಅಣ್ಣನ ಸೈಕಲ್ಲಿಗಾಗಿ ನಾನು ಹಿಡಿದ ಹಟ ನೆನಪಾಯಿತು.

1709ರ ಜನವರಿಯಲ್ಲಿ ಹೈದರಾಬಾದಿನ ಹೊರಗೆ ಯುದ್ಧ. ಕಾಂಬಕ್ಷನ ಜೊತೆ ಉಳಿದಿದ್ದವರು ಕೆಲವೇ ನೂರು ಮಂದಿ. ಆದರೂ ಓಡಲಿಲ್ಲ, ಆನೆ ಮೇಲೆ ಕೂತೇ ಹೋರಾಡಿದ. ಮೈತುಂಬ ಗಾಯವಾಗಿ ಸಿಕ್ಕಿಬಿದ್ದ, ಮಕ್ಕಳೂ ಸೆರೆಯಾದರು. ಬಹಾದೂರ್ ಷಹ ವೈದ್ಯರನ್ನು ಕಳಿಸಿದ. ಸಂಜೆ ತಾನೇ ಬಂದು ತಮ್ಮನ ಪಕ್ಕ ಕೂತ. ಆ ರಾತ್ರಿಯೇ ಕಾಂಬಕ್ಷ ಸತ್ತ.

ಅವನ ದೇಹವನ್ನು ದೆಹಲಿಗೆ ಒಯ್ದು ಹುಮಾಯೂನನ ಗೋರಿಯಲ್ಲಿ ಮಣ್ಣು ಮಾಡಿದರು. 50 ವರ್ಷದ ಮೇಲೆ, 1759ರಲ್ಲಿ, ಅವನ ಮೊಮ್ಮಗನನ್ನು ಮೂರನೇ ಷಹಜಹಾನ್ ಅಂತ ಹೆಸರಿಟ್ಟು ದೆಹಲಿ ಗದ್ದಿಗೆ ಮೇಲೆ ಕೂರಿಸಿದರು. ಮಾರನೇ ವರ್ಷವೇ ಇಳಿಸಿಬಿಟ್ಟರು.