ಕಲ್ಲಿನೊಳಗಿನ ಹನಿಯನ್ನು ಓದಿದ ಹೆನ್ರಿ ಕ್ಲಿಫ್ಟನ್ ಸಾರ್ಬಿ

ಕೃಷ್ಣಾ ತುಂಗಭದ್ರೆಯರ ನಡುವಣ ನೆಲದಲ್ಲಿ ನಮ್ಮ ಗದ್ವಾಲವಿದೆ. ಅದೇ ನೆಲದಲ್ಲಿ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯೂ ಇದೆ. 1956ರವರೆಗೆ ನಾರಾಯಣಪೇಟೆ, ಮಕ್ತಲ್, ಗದ್ವಾಲ, ಹಟ್ಟಿಗಳೆಲ್ಲವೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಹಟ್ಟಿಯ ಬೆಣಚುಕಲ್ಲಿನೊಳಗೆ ಚಿನ್ನ ಬಂದ ಬಗೆಯನ್ನು ಅರಿಯುವ ದಾರಿಯೊಂದನ್ನು ತೆರೆದವರು ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿಯವರು.

ಸಾರ್ಬಿಯವರು 1826ರ ಮೇ 10ರಂದು ಶೆಫೀಲ್ಡ್ ನಗರದ ಸಮೀಪ, ಉಕ್ಕಿನ ಉಪಕರಣಗಳನ್ನು ತಯಾರಿಸುವ ಮನೆತನದಲ್ಲಿ ಜನಿಸಿದರು. ಶಾಲೆಯಲ್ಲಿ ಬಹುಮಾನವಾಗಿ ದೊರೆತ ವಿಜ್ಞಾನದ ಪುಸ್ತಕವೊಂದು ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತು. 1847ರಲ್ಲಿ ತಂದೆ ತೀರಿಕೊಂಡರು. ಉಳಿದ ಆಸ್ತಿ ಸರಳ ಜೀವನಕ್ಕೆ ಸಾಕಾಗಿತ್ತು. ಅವರು ವಿಶ್ವವಿದ್ಯಾಲಯದಲ್ಲಿ ಓದಲಿಲ್ಲ, ಸಂಬಳದ ಉದ್ಯೋಗವನ್ನೂ ಹಿಡಿಯಲಿಲ್ಲ. ತಾಯಿಯೊಡನೆ ಇದ್ದುಕೊಂಡು ಮನೆಯನ್ನೇ ಪ್ರಯೋಗಶಾಲೆಯಾಗಿಸಿದರು.

ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ತೇಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕ್ರಮ. ಬೆಟ್ಟವನ್ನು ಸೂಕ್ಷ್ಮದರ್ಶಕದಿಂದ ಅಳೆಯುವುದುಂಟೇ ಎಂದು ಅಂದಿನ ಪಂಡಿತರು ನಕ್ಕರು. ಸಾರ್ಬಿಯವರು ತಮ್ಮ ಕೆಲಸವನ್ನು ಬಿಡಲಿಲ್ಲ. 1858ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು, ಹರಳು ಬೆಳೆಯುವಾಗ ಸುತ್ತಲಿನ ದ್ರವದ ಅತಿಸೂಕ್ಷ್ಮ ಹನಿಗಳು ಅದರೊಳಗೆ ಸೆರೆಯಾಗುತ್ತವೆ ಎಂದು ವಿವರಿಸಿದರು. ತಣಿದಾಗ ದ್ರವ ಕುಗ್ಗಿ ಹನಿಯಲ್ಲಿ ಗುಳ್ಳೆಯೊಂದು ಮೂಡುತ್ತದೆ. ಹರಳನ್ನು ಮತ್ತೆ ಕಾಯಿಸಿದರೆ ಗುಳ್ಳೆ ಮಾಯವಾಗುತ್ತದೆ. ಆಗಿನ ಶಾಖವನ್ನು ಅಳೆದರೆ, ಹರಳು ಕನಿಷ್ಠ ಎಷ್ಟು ಶಾಖದಲ್ಲಿ ಹುಟ್ಟಿತೆಂಬುದು ತಿಳಿಯುತ್ತದೆ.

ಇದೇ ತತ್ತ್ವವನ್ನು ಅನುಸರಿಸಿ ಮುಂದಿನ ವಿಜ್ಞಾನಿಗಳು ಹಟ್ಟಿ ಹಾಗೂ ಕೋಲಾರದ ಬೆಣಚುಕಲ್ಲನ್ನು ಪರೀಕ್ಷಿಸಿದ್ದಾರೆ. ಅಲ್ಲಿನ ಹನಿಗಳಲ್ಲಿ ಕಂಡದ್ದು ನೀರು, ಇಂಗಾಲದ ಡೈಆಕ್ಸೈಡ್, ಅಲ್ಪ ಉಪ್ಪು. ಭೂಮಿಯ ಆಳದಿಂದ ಬಿರುಕುಗಳ ಮೂಲಕ ಮೇಲೇರಿದ ಬಿಸಿನೀರು ಚಿನ್ನವನ್ನು ಕರಗಿಸಿ ತಂದಿತು. ಒತ್ತಡ ಇಳಿದಾಗಲೋ ಸುತ್ತಲಿನ ಕಲ್ಲಿನೊಡನೆ ರಾಸಾಯನಿಕ ಕ್ರಿಯೆ ನಡೆದಾಗಲೋ ಅದನ್ನು ಅಲ್ಲಿಯೇ ಬಿಟ್ಟುಕೊಟ್ಟಿತು. ಸುಮಾರು 250 ಕೋಟಿ ವರ್ಷಗಳ ಹಿಂದಿನ ಆ ಘಟನೆಗೆ ಕೂದಲೆಳೆಗಿಂತ ಕಿರಿದಾದ ಹನಿಯೇ ಸಾಕ್ಷಿ. ಗದ್ವಾಲದ ಬಳಿ ಹಾದುಹೋಗುವ ಶಿಲಾಪಟ್ಟಿಯೂ ಹಟ್ಟಿಯದರಂತೆ ಪ್ರಾಚೀನ ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು.

ನಕ್ಕವರ ಕಾಲ ಸರಿಯಿತು. ಸಾರ್ಬಿಯವರು 1878ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಅಧ್ಯಕ್ಷರಾದರು. ಶೆಫೀಲ್ಡಿನ ಫರ್ತ್ ಕಾಲೇಜನ್ನು ಅಧ್ಯಕ್ಷರಾಗಿ ಬೆಳೆಸಿದರು. ಅದು 1905ರಲ್ಲಿ ವಿಶ್ವವಿದ್ಯಾಲಯವಾಯಿತು. 1908ರ ಮಾರ್ಚ್ 9ರಂದು ನಿಧನರಾಗುವ ಮುನ್ನ, ಅಲ್ಲಿ ಭೂವಿಜ್ಞಾನದ ಪೀಠಕ್ಕಾಗಿ ಹಣವನ್ನು ಮೀಸಲಿರಿಸಿದ್ದರು.

ನಮ್ಮ ಶಾಲೆಯೂ ವರ್ಷವರ್ಷ ಮಕ್ಕಳಿಗೆ ಪುಸ್ತಕಗಳನ್ನು ಬಹುಮಾನವಾಗಿ ನೀಡುತ್ತ ಬಂದಿದೆ. ಅವುಗಳಲ್ಲಿ ಯಾವುದು ಯಾವ ಮಗುವಿನ ಕಣ್ಣು ತೆರೆಸುವುದೋ ನಾವು ಬಲ್ಲೆವೇ? ಹೊಲದ ಬದುವಿನಲ್ಲಿ ಬಿದ್ದಿರುವ ಬಿಳಿಯ ಬೆಣಚುಕಲ್ಲನ್ನು ಮಗುವೊಂದು ಶಾಲೆಗೆ ತಂದರೆ, ಅದನ್ನು ಬಿಸಾಡೆನ್ನದೆ ಬೆಳಕಿಗೆ ಹಿಡಿದು ತೋರಿಸೋಣ.