ವಾಣಿಜ್ಯ ಓದಿದ ಹಕ್ಕಿ ಮನುಷ್ಯ

ಸಲೀಂ ಅಲಿ ಅವರೂ ನನ್ನ ಹಾಗೆ ಅಕೌಂಟ್ಸ್ ಓದಿದವರು ಎಂದು ಗೊತ್ತಾದ ದಿನ ನನಗೆ ಅದೆಷ್ಟು ಖುಷಿಯಾಯಿತು! ಮನೆಯಲ್ಲಿ ಅಬ್ಬಾಗೆ ಹೇಳಿದೆ. ಅವರು ಕೇಳಿದ್ದು ಒಂದೇ, ಹಕ್ಕಿ ನೋಡಿದರೆ ಸಂಬಳ ಯಾರು ಕೊಡುತ್ತಾರೆ ಅಂತ.

ಸಲೀಂ ಅಲಿ ಹುಟ್ಟಿದ್ದು ಮುಂಬೈಯಲ್ಲಿ, 1896ರ ನವೆಂಬರ್ 12ರಂದು. ತಂದೆತಾಯಿ ಬೇಗ ತೀರಿಕೊಂಡರು, ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಸಾಕಿದರು. ಹುಡುಗ ಏರ್‌ಗನ್‌ನಿಂದ ಒಂದು ಗುಬ್ಬಿ ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆ! ತಿನ್ನಬಹುದೋ ಇಲ್ಲವೋ ಎಂಬ ಅನುಮಾನ ಬಂದು ಮಾಮೂ ಹತ್ತಿರ ಒಯ್ದ. (ನಮ್ಮ ಮನೆಯಲ್ಲೂ ಇಂಥ ಪ್ರಶ್ನೆ ದಾದಿಯ ಹತ್ತಿರವೇ ಹೋಗುತ್ತದೆ.) ಮಾಮೂ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿ ಮಿಲ್ಲಾರ್ಡ್ ಎಂಬುವರು ಕಪಾಟುಗಳನ್ನು ತೆರೆದು ನೂರಾರು ಹಕ್ಕಿಗಳನ್ನು ತೋರಿಸಿದರು.

ಆಮೇಲೆ ಬರ್ಮಾದಲ್ಲಿ ಮನೆಯವರ ಗಣಿ ವ್ಯಾಪಾರ ನೋಡಿಕೊಳ್ಳಲು ಹೋದರು. ಅದು ಕೈಹಿಡಿಯಲಿಲ್ಲ. ವಾಪಸ್ ಬಂದು ದಾವರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಲೆಕ್ಕಶಾಸ್ತ್ರ ಸೇರಿದರು. ಜೊತೆಗೇ ಪ್ರಾಣಿಶಾಸ್ತ್ರವನ್ನೂ ಕಲಿತರು. ಡಿಗ್ರಿ ಇಲ್ಲವೆಂದು ಸರ್ಕಾರಿ ಪ್ರಾಣಿಶಾಸ್ತ್ರ ಇಲಾಖೆಯಲ್ಲಿ ಕೆಲಸ ಸಿಗಲಿಲ್ಲ. 1926ರಲ್ಲಿ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು, ಬರ್ಲಿನ್‌ಗೆ ಹೋಗಿ ಕಲಿತು ಬರುವಷ್ಟರಲ್ಲಿ ಆ ಹುದ್ದೆಯೇ ಇಲ್ಲ! ಹೆಂಡತಿ ತೆಹಮೀನಾ ಜೊತೆ ಕಿಹಿಂ ಎಂಬ ಕಡಲೂರಿಗೆ ಹೋಗಿ ಗೀಜಗದ ಗೂಡು ನೋಡುತ್ತಾ ಕೂತರು. ಆ ಅಧ್ಯಯನದಿಂದಲೇ ಹೆಸರಾದರು. 1939ರಲ್ಲಿ ತೆಹಮೀನಾ ತೀರಿಕೊಂಡರು.

ಅದೇ ಹೊತ್ತಿಗೆ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡುತ್ತಿದ್ದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಗೂಡು ಕಂಡರು, ಒಡೆಯರ್ ಅರಸರಿಗೆ ಹೇಳಿ ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಾವು ಪ್ರವಾಸದಲ್ಲಿ ದೋಣಿ ಹತ್ತಿ ಸೆಲ್ಫಿ ತೆಗೆದುಕೊಂಡ ಜಾಗ ಅದೇ. ಅಲ್ಲಿ ಅವರ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ.

ಭರತಪುರದ ಕಥೆ ಬೇರೆ. ರಾಜರ ಬೇಟೆಯ ಕೆರೆ ಅದು. 1938ರ ನವೆಂಬರ್ 12ರಂದು, ಅಂದರೆ ಅವರ ಹುಟ್ಟುಹಬ್ಬದ ದಿನವೇ, ವೈಸ್‌ರಾಯ್ ಗುಂಪು 4273 ಹಕ್ಕಿ ಹೊಡೆಯಿತು. ಸ್ವಾತಂತ್ರ್ಯ ಬಂದ ಮೇಲೆ ಆ ನೀರನ್ನು ಹೊಲಗಳಿಗೆ ಬಿಡಬೇಕೆಂಬ ಒತ್ತಾಯ ಬಂದಾಗ ಸಲೀಂ ಅಲಿ ನೆಹರೂ ಅವರ ತನಕ ಹೋಗಿ ಕೆರೆ ಉಳಿಸಿದರು. ದೂರದೇಶದಿಂದ ಬರುವ ಬಾತುಗಳಿಗೆ ಚಳಿಗಾಲದಲ್ಲಿ ಇಳಿಯಲು ನೀರು ಉಳಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂತು.

ಆದರೆ ಒಂದು ಮಾತು ಬಿಡಲಾರೆ. 1982ರಲ್ಲಿ ಅಲ್ಲಿ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು, ಸಲೀಂ ಅಲಿ ಅವರೂ ಆ ಕಡೆಗೇ ಇದ್ದರು. ಗಲಾಟೆಯಾಗಿ, ಗೋಲಿಬಾರ್ ಆಗಿ ಹಳ್ಳಿಯ ಜನ ಸತ್ತರು. ಎಮ್ಮೆ ಇಲ್ಲದೆ ಹುಲ್ಲು ಬೆಳೆದು ಕೆರೆ ತುಂಬಿತು, ಹಕ್ಕಿಗಳಿಗೇ ತೊಂದರೆಯಾಯಿತು. ಇದನ್ನು ಕಂಡುಹಿಡಿದದ್ದು ಅವರದೇ ಸೊಸೈಟಿಯ ಅಧ್ಯಯನ. ಅವರನ್ನು ನಾನು ತುಂಬಾ ಮೆಚ್ಚುತ್ತೇನೆ, ಆದರೂ ಈ ವಿಷಯದಲ್ಲಿ ಹಳ್ಳಿಯವರ ಮಾತು ಕೇಳಬೇಕಿತ್ತು ಅನ್ನಿಸುತ್ತದೆ.

1976ರಲ್ಲಿ ಪದ್ಮವಿಭೂಷಣ ಬಂತು, 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. 1987ರ ಜೂನ್ 20ರಂದು ತೀರಿಕೊಂಡರು. ಗೆಟ್ಟಿ ಪ್ರಶಸ್ತಿಯಾಗಿ ಬಂದ ಹಣವನ್ನು ಅವರು ಸೊಸೈಟಿಗೆ ಕೊಟ್ಟರು ಎಂದು ಅಬ್ಬಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಭಾನುವಾರ ರಂಗನತಿಟ್ಟಿಗೆ ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿದರು.