ಕೂಸನ್ನು ಹೊರಗಿನಿಂದಲೇ ತಿರುಗಿಸಿದ ವೈದ್ಯ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತಾಯಂದಿರಲ್ಲಿ ಹಲವರಿಗೆ ನೆನಪಿರಬಹುದು. ಬಸುರಿಯಾಗಿದ್ದಾಗ ತಪಾಸಣೆಗೆ ಹೋದರೆ ನರ್ಸಮ್ಮನವರು ಪುಟ್ಟ ಕಹಳೆಯಂಥ ಕೊಳವೆಯೊಂದನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಯಾನಿಸಿ, ಕೂಸಿನ ಎದೆಬಡಿತ ಕೇಳುತ್ತಿದ್ದರು. ಆ ಕೊಳವೆಯನ್ನು 1895ರಲ್ಲಿ ರೂಪಿಸಿದವರು ಫ್ರಾನ್ಸಿನ ವೈದ್ಯ ಅಡಾಲ್ಫ್ ಪಿನಾರ್ಡ್. ಅದಕ್ಕೆ ಇಂದಿಗೂ ಅವರದೇ ಹೆಸರು.

1844ರಲ್ಲಿ ಮೆರಿ-ಸ್ಯುರ್-ಸೆನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಪಿನಾರ್ಡ್, ಪ್ಯಾರಿಸಿನಲ್ಲಿ ಟಾರ್ನಿಯೆ ಎಂಬ ಹೆಸರಾಂತ ಪ್ರಸೂತಿ ವೈದ್ಯರ ಶಿಷ್ಯರಾದರು. ಆಗ ಸ್ಕ್ಯಾನಿಂಗ್ ಇಲ್ಲ. ಕೂಸಿನ ತಲೆ ಕೆಳಗಿದೆಯೋ, ಪೃಷ್ಠ ಕೆಳಗಿದೆಯೋ ಎಂಬುದು ಅನೇಕ ವೇಳೆ ನೋವು ಶುರುವಾದ ಮೇಲೆಯೇ ತಿಳಿಯುತ್ತಿತ್ತು. ಪಿನಾರ್ಡ್ ಅಂಗೈಗಳಿಂದ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿಯೇ ಅದನ್ನು ಮುಂಚಿತವಾಗಿ ಅರಿಯುವುದನ್ನು ಕಲಿಸಿದರು. ತಲೆ ಮೇಲಿದ್ದರೆ ಹೊರಗಿನಿಂದಲೇ ಒತ್ತಿ ಕೂಸನ್ನು ತಿರುಗಿಸುತ್ತಿದ್ದರು. ಅದು ಮತ್ತೆ ಮಗುಚದಂತೆ ಹೊಟ್ಟೆಗೊಂದು ಪಟ್ಟಿಯನ್ನೂ ಕಟ್ಟುತ್ತಿದ್ದರು. 1878ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. ಉಪಾಯ ಅವರದಲ್ಲ, ಜರ್ಮನಿಯ ವಿಗಾಂಡ್ ಎಂಬವರು 1807ರಲ್ಲೇ ಅದನ್ನು ವಿವರಿಸಿದ್ದರು. ಅದನ್ನು ಹೆರಿಗೆ ಕೋಣೆಯ ನಿತ್ಯದ ವಿದ್ಯೆಯನ್ನಾಗಿಸಲು ಶ್ರಮಿಸಿದವರು ಮಾತ್ರ ಪಿನಾರ್ಡ್.

ಇದರ ಹಿಂದೆ ಒಂದು ಘೋರ ಸಂಗತಿಯಿತ್ತು. ಹೆರಿಗೆ ತೀರಾ ಕಟ್ಟಿಕೊಂಡಾಗ ತಾಯಿಯನ್ನು ಉಳಿಸಲು, ಜೀವಂತ ಕೂಸನ್ನೇ ಒಳಗೆ ತುಂಡರಿಸಿ ತೆಗೆಯುವ ಪದ್ಧತಿ ಅಂದು ಇತ್ತು. ಪಿನಾರ್ಡ್ ಅದನ್ನು ಖಂಡಿಸಿದರು. ಇಬ್ಬರ ಜೀವವೂ ವೈದ್ಯನ ಹೊಣೆ ಎಂಬುದು ಅವರ ನಿಲುವು. ಧರ್ಮಸಭೆಯ ವಕ್ತಾರರಾಗಿ ಅಲ್ಲ, ವೈದ್ಯರಾಗಿಯೇ ಅವರು ಈ ಮಾತಿಗೆ ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಇಂದು ದಿನ ತುಂಬುವ ಹೊತ್ತಿಗೆ ನೂರರಲ್ಲಿ ಮೂರು ನಾಲ್ಕು ಕೂಸುಗಳು ತಲೆ ಮೇಲಾಗಿಯೇ ಇರುತ್ತವೆ. ಸುಮಾರು 36-37ನೇ ವಾರದಲ್ಲಿ ತಿರುಗಿಸಲು ಯತ್ನಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಫಲಿಸುತ್ತದೆ. ಚೊಚ್ಚಲ ಬಸುರಿಯಲ್ಲಿ ನೂರಕ್ಕೆ 40, ಮೊದಲೇ ಹೆತ್ತವರಲ್ಲಿ 60ರಷ್ಟು. ಕೂಸಿನ ಸುತ್ತ ನೀರು ಸಾಕಷ್ಟಿರಬೇಕು, ಪೃಷ್ಠ ಸೊಂಟದ ಎಲುಬಿನೊಳಗೆ ಇಳಿದು ಕೂತಿರಬಾರದು, ಗರ್ಭಕೋಶ ಬಿಗಿಯಾಗಿರಬಾರದು. ಬಿಗಿ ಸಡಿಲಿಸಲು ಈಗ ಚುಚ್ಚುಮದ್ದು ಉಂಟು. ಮಾಸು ಮುಂಭಾಗದಲ್ಲಿದ್ದರೆ, ತಾಯಿಯ ಮೈ ತೂಕ ಹೆಚ್ಚಿದ್ದರೆ ಕೆಲಸ ಕಷ್ಟ. ಮಾಸು ಗರ್ಭದ ಬಾಯಿಗೇ ಅಡ್ಡವಾಗಿದ್ದರೆ ಈ ಯತ್ನವೇ ಸಲ್ಲದು. ಇತ್ತೀಚೆಗೆ ರಕ್ತಸ್ರಾವ ಆಗಿದ್ದರೂ ಹಾಗೆಯೇ. ಇನ್ನೂರರಲ್ಲಿ ಒಬ್ಬರಿಗೆ ಕೂಡಲೇ ಸಿಸೇರಿಯನ್ ಬೇಕಾಗಬಹುದು. ಆದ್ದರಿಂದ ಮನೆಯಲ್ಲಿ ಹೊಟ್ಟೆ ನೀವಿಸಿ ತಿರುಗಿಸಲು ಯಾರಿಗೂ ಬಿಡಬೇಡಿ. ಶಸ್ತ್ರಚಿಕಿತ್ಸೆಯ ಕೋಣೆ ಪಕ್ಕದಲ್ಲೇ ಇರುವ ಆಸ್ಪತ್ರೆಯಲ್ಲಿ, ಅನುಭವಿ ವೈದ್ಯರ ಕೈಯಲ್ಲೇ ಆಗಬೇಕು. ಮಳೆಗಾಲದಲ್ಲಿ ಕಾಡುದಾರಿ ದಾಟಿ ಬರಬೇಕಾದವರು ಎಂಟನೇ ತಿಂಗಳಲ್ಲೇ ಕೂಸು ಹೇಗಿದೆಯೆಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಪಿನಾರ್ಡ್ ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಲಾಗದು. 1912ರಲ್ಲಿ ಹುಟ್ಟಿದ ಫ್ರೆಂಚ್ ಸುಪ್ರಜನನ ಸಂಘದ ಮುಂದಾಳುಗಳಲ್ಲಿ ಅವರೂ ಒಬ್ಬರು. ಯಾರು ಮದುವೆಗೆ ಯೋಗ್ಯರೆಂದು ವೈದ್ಯರ ಪ್ರಮಾಣಪತ್ರ ಹೇಳಬೇಕೆಂದು ಬಯಸಿದರು. ಹುಟ್ಟಲಿರುವ ಕೂಸಿನ ಜೀವಕ್ಕೆ ಅಷ್ಟು ಬೆಲೆ ಕೊಟ್ಟವರೇ ಹೀಗೂ ಯೋಚಿಸಿದರೆಂಬುದು ಖೇದಕರ. ಆದರೆ ದುಡಿಯುವ ಬಡ ಬಸುರಿಯರ ಮೇಲಿನ ಅವರ ಕಾಳಜಿ ನಿಜವಾದದ್ದು. ಕೊನೆಯ ದಿನಗಳಲ್ಲಿ ವಿಶ್ರಾಂತಿ ಪಡೆದವರ ಮಕ್ಕಳು, ಹೆರುವವರೆಗೂ ದುಡಿದವರ ಮಕ್ಕಳಿಗಿಂತ ಹೆಚ್ಚು ತೂಗುತ್ತವೆಂದು 1895ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1919ರಿಂದ 1928ರವರೆಗೆ ಸಂಸತ್ತಿನ ಸದಸ್ಯರೂ ಆಗಿದ್ದರು. 1934ರ ಮಾರ್ಚಿನಲ್ಲಿ, 90ರ ವಯಸ್ಸಿನಲ್ಲಿ, ಹುಟ್ಟೂರಿನಲ್ಲೇ ತೀರಿಕೊಂಡರು.